ಅಪ್‌ಡೇಟ್: ಮೊದಲ ವರ್ಷದವರ ಕೈಗೆ ಸೋಲಾರ್ ಪ್ಯಾನೆಲ್ ಕೊಟ್ಟ ಮೇಲೆ

ಮೊದಲ ವರ್ಷದ ಇಂಜಿನಿಯರಿಂಗ್ ಮಕ್ಕಳಿಗೆ ನವೀಕರಿಸಬಹುದಾದ ಇಂಧನದ ಪಾಠವನ್ನು ಪ್ರಾಕ್ಟಿಕಲ್‌ನಿಂದಲೇ ಶುರು ಮಾಡಬಹುದಾ, ಥಿಯರಿ ಮೊದಲು ಬೇಕೇ ಬೇಕಾ ಅಂತ ಕೇಳಿದ್ದೆ. ಸಣ್ಣ ಪ್ಯಾನೆಲ್, ಮಲ್ಟಿಮೀಟರ್ ಕೊಟ್ಟು ಬಿಸಿಲಿಗೆ ಕಳಿಸಿ ಎಂದು ಹಲವರು ಹೇಳಿದ್ದಿರಿ. ಹಾಗೇ ಮಾಡಿದೆ. ತುಂಬಾ ಥ್ಯಾಂಕ್ಸ್!

36 ಸೆಲ್‌ಗಳ ಪ್ಯಾನೆಲ್ ಅದು. ಏನೂ ಜೋಡಿಸದೆ ಅಳೆದಾಗ ಸುಮಾರು 20 ವೋಲ್ಟ್ ತೋರಿಸಿತು. "12 ವೋಲ್ಟ್ ಪ್ಯಾನೆಲ್ ಅಂದಿದ್ರಲ್ಲ ಮೇಡಂ?" ಅಂತ ತಕ್ಷಣ ಪ್ರಶ್ನೆ ಬಂತು. (12 ವೋಲ್ಟ್ ಬ್ಯಾಟರಿ ಚಾರ್ಜ್ ಮಾಡೋಕೆ ಆಗುವ ಪ್ಯಾನೆಲ್ ಅಂತ ಆ ಹೆಸರು.) ಆಮೇಲೆ ಲೋಡ್ ಬದಲಿಸುತ್ತಾ ವೋಲ್ಟೇಜ್, ಕರೆಂಟ್ ಬರೆದುಕೊಂಡು ಗುಣಿಸಿದರು. ಏನೂ ಜೋಡಿಸದಿದ್ದಾಗ ಕರೆಂಟ್ ಇಲ್ಲ, ಶಾರ್ಟ್ ಮಾಡಿದಾಗ ವೋಲ್ಟೇಜ್ ಇಲ್ಲ, ಹಾಗಾಗಿ ಎರಡೂ ತುದಿಯಲ್ಲಿ ಪವರ್ ಸೊನ್ನೆ, ನಡುವೆ ಒಂದು ಕಡೆ ಗರಿಷ್ಠ. ಎಂಪಿಪಿಟಿ (ಪ್ಯಾನೆಲನ್ನು ಆ ಗರಿಷ್ಠ ಪವರ್ ಜಾಗದಲ್ಲೇ ಇಡುವ ವ್ಯವಸ್ಥೆ) ಯಾಕೆ ಬೇಕು ಅನ್ನೋದನ್ನು ನಾನು ಹೇಳಬೇಕಾಗಲೇ ಇಲ್ಲ.

ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ನೆರಳಿನ ಪ್ರಯೋಗ. ಒಂದೇ ಒಂದು ಸೆಲ್ ಮೇಲೆ ರಟ್ಟು ಇಟ್ಟರು. ಪವರ್ 36ರಲ್ಲಿ ಒಂದು ಭಾಗ ಕಡಿಮೆಯಾಗುತ್ತೆ ಎಂಬುದು ಅವರ ಲೆಕ್ಕ. ಆದರೆ ಅದಕ್ಕಿಂತ ಎಷ್ಟೋ ಜಾಸ್ತಿ ಕುಸಿಯಿತು! ಸೆಲ್‌ಗಳು ಸೀರೀಸ್‌ನಲ್ಲಿವೆ, ಎಲ್ಲದರಲ್ಲೂ ಒಂದೇ ಕರೆಂಟ್ ಹರಿಯಬೇಕು, ಅಲ್ವಾ? ನೆರಳಲ್ಲಿರೋ ಒಂದು ಸೆಲ್ ಉಳಿದವುಗಳ ಕರೆಂಟನ್ನೂ ತಡೆಯುತ್ತೆ. ನೆರಳಿನ ಸೆಲ್‌ಗಳನ್ನು ಬಿಟ್ಟು ಕರೆಂಟಿಗೆ ಬೇರೆ ದಾರಿ ಕೊಡುವ ಬೈಪಾಸ್ ಡಯೋಡ್ ಪಾಠವನ್ನು ಅಲ್ಲೇ ಬಿಸಿಲಲ್ಲೇ ಶುರು ಮಾಡಿದೆ.

ಟೇಬಲ್ ಫ್ಯಾನ್ ಮುಂದೆ ಇಟ್ಟು ಮಾಡಿದ ಗಾಳಿಯಂತ್ರದ ಪ್ರಯೋಗ ಅಷ್ಟು ಚೆನ್ನಾಗಿ ಬರಲಿಲ್ಲ. ಗಾಳಿಯ ವೇಗ ಎರಡರಷ್ಟಾದರೆ ಅದರಲ್ಲಿರುವ ಪವರ್ ಎಂಟರಷ್ಟಾಗಬೇಕು. ಟೇಬಲ್ ಫ್ಯಾನ್ ಗಾಳಿ ಸುತ್ತುತ್ತಾ ಬರುತ್ತೆ, ಎಲ್ಲ ಕಡೆ ಒಂದೇ ಸಮ ಇರಲ್ಲ. ಹಾಗಾಗಿ ಅಳತೆ ಸರಿಯಾಗಿ ಕೂರಲಿಲ್ಲ. ಫ್ಯಾನ್ ಮುಂದೆ ಸ್ಟ್ರಾಗಳ ಕಟ್ಟು ಇಟ್ಟು ಗಾಳಿಯನ್ನು ನೇರ ಮಾಡುವ ಯೋಚನೆ ಒಬ್ಬ ಹುಡುಗಿಯದು. ಮುಂದಿನ ಬ್ಯಾಚ್‌ಗೆ ಅದನ್ನೇ ಮಾಡಿಸುತ್ತೇನೆ.

ಬ್ಯಾಟರಿಯನ್ನೂ ಸೇರಿಸಬೇಕೆಂದಿದ್ದೇನೆ, ಫ್ಯೂಸ್ ಹಾಕಿಯೇ. ರೀಡಿಂಗ್ ಶೀಟ್ ಬೇಕಿದ್ದವರು ಕೇಳಿ, ಕೊಡುತ್ತೇನೆ.