ಪಿಎಸ್‌ಎ ಅರ್ಧಕ್ಕೆ ಇಳಿದಿದೆ, ಎಂಆರ್‌ಐಯಲ್ಲಿ ಸಂಶಯ ಉಂಟು. ಯಾವುದನ್ನು ನಂಬುವುದು?

ಪ್ರಶ್ನೆ (ಉಡುಪಿ): ಡಾಕ್ಟ್ರೇ, ನಮಸ್ಕಾರ. ಅಪ್ಪನಿಗೆ 68 ವರ್ಷ. ಎಂಟು ತಿಂಗಳ ಹಿಂದೆ ಇಲ್ಲಿನ ಲ್ಯಾಬಿನಲ್ಲಿ ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರ್ ಸಂಶಯಕ್ಕೆ ನೋಡುವ ರಕ್ತಪರೀಕ್ಷೆ) 8.4 ಬಂದಿತ್ತು. ಸ್ಕ್ಯಾನಿಂಗಿನಲ್ಲಿ ಪ್ರಾಸ್ಟೇಟ್ ಗ್ರಂಥಿಯ ಗಾತ್ರ 48 ಸಿಸಿ. ಆಗಲೇ ಟ್ಯಾಮ್ಸುಲೋಸಿನ್-ಡುಟಾಸ್ಟರೈಡ್ ಮಾತ್ರೆ ಶುರು ಮಾಡಿದರು. ಈಗ ಮಂಗಳೂರಿನಲ್ಲಿ ನೋಡಿಸಿದರೆ 4.5. ಬೆರಳಿನ ಪರೀಕ್ಷೆಯೂ ನಾರ್ಮಲ್. ಎಂಆರ್‌ಐಯಲ್ಲಿ ಮಾತ್ರ ಪೈ-ರ್ಯಾಡ್ಸ್ (ಕ್ಯಾನ್ಸರ್ ಸಂಶಯಕ್ಕೆ 1ರಿಂದ 5ರವರೆಗೆ ಕೊಡುವ ಅಂಕ) 3 ಅಂತ ಉಂಟು. ಪಿಎಸ್‌ಎ ಇಷ್ಟು ಇಳಿದ ಮೇಲೂ ಬಯಾಪ್ಸಿ ಬೇಕಾ?

ಉತ್ತರ (ಮೂತ್ರರೋಗ ತಜ್ಞ): ಪಿಎಸ್‌ಎ ಇಳಿದಿಲ್ಲ, ಮಾತ್ರೆ ಅದನ್ನು ಇಳಿಸಿ ತೋರಿಸುತ್ತಿದೆ. ಡುಟಾಸ್ಟರೈಡ್, ಫಿನಾಸ್ಟರೈಡ್ ಆರು ತಿಂಗಳು ತಿಂದವರಲ್ಲಿ ಪಿಎಸ್‌ಎ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಹಾಗಾಗಿ 4.5 ಅನ್ನು ಎರಡರಿಂದ ಗುಣಿಸಿ ಓದಬೇಕು: 9. ಅಂದರೆ ನಿಮ್ಮ ಎರಡು ರಿಪೋರ್ಟ್‌ಗಳು ಹೇಳುವುದು ಒಂದೇ. ಈ ಮಾತ್ರೆಯ ವಿಷಯ ಲ್ಯಾಬಿನ ಚೀಟಿಯಲ್ಲಿ ಇರುವುದಿಲ್ಲ, ಗೊಂದಲ ಅಲ್ಲಿಂದಲೇ. ಟ್ಯಾಮ್ಸುಲೋಸಿನ್ ಒಂದೇ ಆಗಿದ್ದರೆ ಈ ಲೆಕ್ಕ ಬೇಡ.

ಬೆರಳಿಗೆ ಸಿಗುವುದು ಗ್ರಂಥಿಯ ಹಿಂಬದಿ ಮಾತ್ರ, ಅದು ನಾರ್ಮಲ್ ಅಂದ ಮಾತ್ರಕ್ಕೆ ಕ್ಯಾನ್ಸರ್ ಇಲ್ಲ ಅಂತಲ್ಲ. ಪೈ-ರ್ಯಾಡ್ಸ್ 3 ಅಂದರೆ ಹೌದು ಅಂತಲೂ ಇಲ್ಲ, ಅಲ್ಲ ಅಂತಲೂ ಇಲ್ಲ. ಇಂಥಲ್ಲಿ ಸಹಾಯಕ್ಕೆ ಬರುವುದು ಪಿಎಸ್‌ಎ ಡೆನ್ಸಿಟಿ: ಮಾತ್ರೆಗೆ ಮೊದಲಿನ 8.4 ಅನ್ನು ಗ್ರಂಥಿಯ ಗಾತ್ರ 48ರಿಂದ ಭಾಗಿಸಿದರೆ 0.175. 0.15 ದಾಟಿದರೆ ಬಯಾಪ್ಸಿ ಕಡೆಗೆ ವಾಲುತ್ತೇವೆ. ನಾನಾದರೆ ಮಾಡಿಸಿ ಎನ್ನುತ್ತೇನೆ. ಅದಕ್ಕೆ ಮೊದಲು ಯೂರಿನ್ ಕಲ್ಚರ್ ಆಗಲಿ. ಸೋಂಕು ಇದ್ದರೆ ಗುಣಪಡಿಸಿ, ಆರು ವಾರ ಬಿಟ್ಟು ಪಿಎಸ್‌ಎ ಮತ್ತೆ ನೋಡಬೇಕು. ಹೃದಯಕ್ಕೆ ಕ್ಲೋಪಿಡೋಗ್ರೆಲ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ) ತಿನ್ನುತ್ತಿದ್ದರೆ ತಾವಾಗಿ ನಿಲ್ಲಿಸಬೇಡಿ, ಹೃದಯದ ಡಾಕ್ಟರನ್ನು ಕೇಳಿ.

ಉತ್ತರ (ಲ್ಯಾಬ್ ವೈದ್ಯೆ): ಒಂದು ಮಾತು ಸೇರಿಸುತ್ತೇನೆ. ಲ್ಯಾಬ್ ಬದಲಾದರೆ ಕಿಟ್ ಬದಲಾಗಬಹುದು, ಅಂಕಿಯೂ ಸ್ವಲ್ಪ ಆಚೀಚೆ ಆಗುತ್ತದೆ. ಇನ್ನು ಮುಂದೆ ಒಂದೇ ಲ್ಯಾಬಿಗೆ ಹೋಗಿ. ರಕ್ತ ಕೊಡುವ ಮುಂಚಿನ ಎರಡು ದಿನ ಸಂಭೋಗ, ಸೈಕಲ್ ಸವಾರಿ ಬೇಡ. ಕೂದಲಿಗೆಂದು ತಿನ್ನುವ ಬಯೋಟಿನ್ ಮಾತ್ರೆ ಕೆಲವು ಕಿಟ್‌ಗಳಲ್ಲಿ ಪಿಎಸ್‌ಎ ಸುಳ್ಳೇ ಕಡಿಮೆ ತೋರಿಸುತ್ತದೆ, ಅದನ್ನು ಲ್ಯಾಬಿನವರಿಗೆ ತಿಳಿಸಿ.

ಪ್ರಶ್ನೆ: ಬಯಾಪ್ಸಿಯಲ್ಲಿ ಏನೂ ಇಲ್ಲ ಅಂತ ಬಂದರೆ ಮುಗಿಯಿತಾ ಡಾಕ್ಟ್ರೇ?

ಉತ್ತರ (ಮೂತ್ರರೋಗ ತಜ್ಞ): ಇಲ್ಲ. ಸೂಜಿ ತಪ್ಪಿ ಹೋಗುವುದುಂಟು. ಅದಕ್ಕೇ ಎಂಆರ್‌ಐ ತೋರಿಸಿದ ಜಾಗದಿಂದ ಮೂರ್ನಾಲ್ಕು ತುಣುಕು, ಉಳಿದ ಕಡೆಯಿಂದ ಹನ್ನೆರಡು ತೆಗೆಯುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ವೃಷಣದ ಹಿಂದಿನ ಚರ್ಮದ ಮೂಲಕ ತೆಗೆದರೆ ಸೋಂಕಿನ ಭಯ ಗುದದ್ವಾರದ ದಾರಿಗಿಂತ ಕಡಿಮೆ. ಪೈ-ರ್ಯಾಡ್ಸ್ 3 ಇದ್ದು ಬಯಾಪ್ಸಿ ಸರಿ ಬಂದರೆ ಆರು ತಿಂಗಳಿಗೊಮ್ಮೆ ಪಿಎಸ್‌ಎ ಸಾಕು. ಆದರೆ ಡುಟಾಸ್ಟರೈಡ್ ತಿನ್ನುವಾಗ ಅತಿ ಕಡಿಮೆ ಬಂದ ಅಂಕಿಯನ್ನು ಬರೆದಿಡಿ, ಅಲ್ಲಿಂದ ಮೇಲೆ ಹೋಗುತ್ತಾ ಇದ್ದರೆ, ಮಾಮೂಲಿ ಮಿತಿಯಾದ 4ರ ಒಳಗೇ ಇದ್ದರೂ, ಬನ್ನಿ. ಅದೇ ಪೈ-ರ್ಯಾಡ್ಸ್ 5 ಇದ್ದು ಬಯಾಪ್ಸಿ ಖಾಲಿ ಬಂದರೆ ಬೇರೆ ರೇಡಿಯಾಲಜಿಸ್ಟ್ ಹತ್ತಿರ ಎಂಆರ್‌ಐ ಮತ್ತೆ ಓದಿಸಬೇಕು. ಬಯಾಪ್ಸಿ ರಿಪೋರ್ಟಿನಲ್ಲಿ ಗ್ರಾನ್ಯುಲೋಮಾ (ಉರಿಯೂತದ ಸಣ್ಣ ಗಂಟು) ಅಂತ ಬರೆದಿದ್ದರೆ ಟಿಬಿಯನ್ನೂ ಹುಡುಕುತ್ತೇವೆ, ಅದು ಸ್ಕ್ಯಾನಿನಲ್ಲಿ ಕ್ಯಾನ್ಸರಿನಂತೆಯೇ ಕಾಣುವುದುಂಟು. ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ಕಾಗದ ಮಾತ್ರ ಸಾಲದು, ಎಂಆರ್‌ಐ ಸಿಡಿ, ಬಯಾಪ್ಸಿಯ ಸ್ಲೈಡ್ ಮತ್ತು ತುಣುಕು ಇಟ್ಟ ಮೇಣದ ಬ್ಲಾಕ್ ಕೇಳಿ ಪಡೆದುಕೊಳ್ಳಿ.