ಗಂಡ ಹೆಂಡತಿ ಇಬ್ಬರೇ, ಬಸ್ಸು ರೈಲಿನಲ್ಲಿ ಅಲ್ಮಾಟಿಯಿಂದ ಅಥೆನ್ಸ್: ಯಾವ ವೀಸಾ ಯಾವಾಗ ಮಾಡಿಸಬೇಕು?

ಉದ್ಯಮಬಾಗ_ಲೇಥ್ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಮಶೀನ್ ಶಾಪ್ ಇದೆ. ಈಗ ಮಗ ನೋಡಿಕೊಳ್ಳುತ್ತಾನೆ. ನಾನು ಇದ್ದರೂ ನಡೀತದೆ, ಇಲ್ಲದಿದ್ದರೂ ನಡೀತದೆ. ಇಲ್ಲದಿದ್ದರೆ ಇನ್ನೂ ಚೆನ್ನಾಗಿ ನಡೀತದೆ ಅಂತ ಹುಡುಗರು ಅಂದುಕೊಂಡಿರಬೇಕು.

ನಾವು ಮಾಡಿದ ಪಂಪಿನ ಪಾರ್ಟುಗಳು ಹಡಗಿನಲ್ಲಿ ಟರ್ಕಿಯ ಇಜ್ಮಿರ್‌ವರೆಗೆ ಹೋಗಿ ಬಂದಿವೆ (ಬಂದದ್ದು ರಿಜೆಕ್ಟ್ ಆದವು). ಮಾಡಿದವನು ಮಾತ್ರ ಗೋವಾ ದಾಟಿಲ್ಲ. ಹಾಗಾಗಿ ಬರುವ ಮೇ ತಿಂಗಳಿಗೆ ಮನೆಯವರನ್ನು ಕರೆದುಕೊಂಡು ಹೊರಡಬೇಕು ಅಂತ ಇದೆ. ಪಾಕಿಸ್ತಾನದ ಗೇಟು ನಮಗೆ ಇಲ್ಲ, ಟಿಬೆಟ್ ದಾರಿ ಈ ವಯಸ್ಸಿಗೆ ಬೇಡ. ದೆಹಲಿಯಿಂದ ಅಲ್ಮಾಟಿಗೆ ವಿಮಾನ. ಅಲ್ಲಿಂದ ನೆಲದ ಮೇಲೆ ಕಿರ್ಗಿಸ್ತಾನ್, ಉಜ್ಬೇಕಿಸ್ತಾನ್, ಮತ್ತೆ ಕಝಾಕ್‌ಸ್ತಾನ್, ಕ್ಯಾಸ್ಪಿಯನ್ ದಾಟಿ ಅಜರ್‌ಬೈಜಾನ್, ಜಾರ್ಜಿಯಾ, ಟರ್ಕಿ. ಸೆಪ್ಟೆಂಬರ್‌ನಲ್ಲಿ ಗ್ರೀಸ್, ಅಲ್ಲಿಂದ ಮನೆಗೆ.

ಪುಣೆಯ ಏಜೆಂಟರೊಬ್ಬರು ಎಲ್ಲ ವೀಸಾ ಪ್ಯಾಕೇಜ್ ಮಾಡಿ ಜನವರಿಯಲ್ಲೇ ಕೈಗೆ ಕೊಡುತ್ತೇನೆ ಅಂತಾರೆ. ಒಪ್ಪಿಕೊಳ್ಳಬೇಕಾ? ಇನ್ನೊಂದು, ಮನೆಯವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಕಾಲಂ ಖಾಲಿ ಇದೆ. ಅದರಿಂದ ತೊಂದರೆ ಆಗುತ್ತಾ?

ಖಡೇಬಜಾರ್_ಫಾರ್ಮ್ (ಬೆಳಗಾವಿ)

ಸರ್, ಏಜೆಂಟರಿಗೆ ಅಡ್ವಾನ್ಸ್ ಕೊಡಬೇಡಿ. ನಾನು ಫಾರ್ಮ್ ತುಂಬುವ ಕೆಲಸದವನು. ಹಡಗಿನ ಕೆಲಸಕ್ಕೆ ಹೋಗುವ ಹುಡುಗರದ್ದು, ಮಗಳ ಬಾಣಂತನಕ್ಕೆ ಹೋಗುವ ತಾಯಂದಿರದ್ದು, ದಿನಾ ಇದೇ ನೋಡುವುದು.

ಜನ ವೀಸಾ ಸಿಕ್ಕಿತಾ ಇಲ್ಲವಾ ಅಂತ ಮಾತ್ರ ಕೇಳುತ್ತಾರೆ. ಉದ್ದ ಪ್ರಯಾಣಕ್ಕೆ ಅದು ಅರ್ಧ ಪ್ರಶ್ನೆ. ಒಂದೊಂದು ವೀಸಾದಲ್ಲೂ ಎರಡು ಲೆಕ್ಕ ಇರುತ್ತದೆ: ಯಾವ ತಾರೀಖಿನೊಳಗೆ ಅದನ್ನು ಬಳಸಬೇಕು, ಒಳಗೆ ಹೋದ ಮೇಲೆ ಎಷ್ಟು ದಿನ ಇರಬಹುದು. ಉದಾಹರಣೆಗೆ ರಷ್ಯಾದ ಇ-ವೀಸಾ (ಆನ್‌ಲೈನ್‌ನಲ್ಲೇ ಸಿಗುವ ವೀಸಾ) ನೋಡಿ. 2025ರ ಆಗಸ್ಟ್‌ನಿಂದ ಅದರಲ್ಲಿ 30 ದಿನ ಇರಬಹುದು, ಆದರೆ ಕೊಟ್ಟ ದಿನದಿಂದ 120 ದಿನದೊಳಗೆ ಬಳಸಬೇಕು. ಜನವರಿಯಲ್ಲಿ ಕೈಗೆ ಬಂದದ್ದು ಮೇ ತಿಂಗಳಿಗೇ ಸತ್ತಿರುತ್ತದೆ. ಪ್ಯಾಕೇಜ್‌ನವರು ಇದನ್ನು ಹೇಳುವುದಿಲ್ಲ. ಅವರ ಕೆಲಸ ಕವರ್ ಕೊಟ್ಟಲ್ಲಿಗೆ ಮುಗಿಯಿತು.

ನಿಮ್ಮ ಪಟ್ಟಿಯಲ್ಲಿ ನಿಜವಾಗಿ ಕಷ್ಟದ್ದು ಗ್ರೀಸ್ ಒಂದೇ, ಅಂದರೆ ಶೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ). ಅದನ್ನು ದಾರಿಯಲ್ಲಿ ಫೋನ್‌ನಲ್ಲಿ ಮಾಡಲು ಬರುವುದಿಲ್ಲ. ನಾವು ವಾಸ ಇರುವ ದೇಶದಲ್ಲೇ ಅರ್ಜಿ ಹಾಕಬೇಕು, ಬೆರಳಚ್ಚು ಕೊಡಬೇಕು. ಪ್ರಯಾಣಕ್ಕೆ 6 ತಿಂಗಳಿಗಿಂತ ಮೊದಲು ಹಾಕುವಂತಿಲ್ಲ, 15 ದಿನಕ್ಕಿಂತ ತಡ ಮಾಡುವಂತಿಲ್ಲ. ನೀವು ಸೆಪ್ಟೆಂಬರ್ 10ಕ್ಕೆ ಅಥೆನ್ಸ್ ಅಂದರೆ ಮಾರ್ಚ್ 10ರ ಮೊದಲು ಅರ್ಜಿಯೇ ಇಲ್ಲ. ಮೇ ಮೊದಲ ವಾರ ಹೊರಡುವವರಿಗೆ ಸಿಗುವುದು ಎರಡು ತಿಂಗಳಿಗೂ ಕಡಿಮೆ. ಮಾಮೂಲಿಗೆ 15 ದಿನದಲ್ಲಿ ಆಗುತ್ತದೆ, 45 ದಿನ ಹಿಡಿದುಕೊಳ್ಳಲೂ ಅವಕಾಶ ಇದೆ. ಅಷ್ಟೂ ದಿನ ಪಾಸ್‌ಪೋರ್ಟ್ ಅವರ ಹತ್ತಿರ. ಪಾಸ್‌ಪೋರ್ಟಿನಲ್ಲಿ ಅಂಟಿಸುವ ಬೇರೆ ವೀಸಾ ಸ್ಟಿಕರ್ ಬೇಕಾದರೆ ಆಗ ಏನು ಕೊಡುತ್ತೀರಿ?

ನನ್ನ ಸಲಹೆ: ದಾರಿಯನ್ನೇ ತಿರುಗಿಸಿ. ಮೇ ತಿಂಗಳಲ್ಲಿ ಅಥೆನ್ಸ್‌ಗೆ ಹೋಗಿ ಇಳಿಯಿರಿ, ಸೆಪ್ಟೆಂಬರ್‌ನಲ್ಲಿ ಅಲ್ಮಾಟಿಯಿಂದ ವಾಪಸ್ ಬನ್ನಿ. ಕಷ್ಟದ ವೀಸಾ ಮನೆಯಲ್ಲಿದ್ದಾಗಲೇ ಮುಗಿಯುತ್ತದೆ. ಪೂರ್ವಕ್ಕೆ ಬಂದಂತೆ ವೀಸಾ ಸುಲಭವಾಗುತ್ತಾ ಬರುತ್ತದೆ. ಕೊನೆಯ ಕಝಾಕ್‌ಸ್ತಾನಕ್ಕೆ ನಮಗೆ ವೀಸಾನೇ ಬೇಡ.

ಇನ್ನೊಂದು ಲಾಭ ಇದೆ. ಶೆಂಗೆನ್ ಸ್ಟಿಕರ್ ಬಂದ ಕೂಡಲೇ ಬೆಳಕಿಗೆ ಹಿಡಿದು ಓದಿ. ಎರಡು ತಾರೀಖು ಇರುತ್ತವೆ, ಮೇ 5ರಿಂದ ಜೂನ್ 8ರವರೆಗೆ ಅಂತ ಇಟ್ಟುಕೊಳ್ಳಿ. ಹತ್ತಿರದಲ್ಲೇ ಎಷ್ಟು ಸಲ ಒಳಗೆ ಬರಬಹುದು ಅಂತ, ಮೊದಲ ಸಲದವರಿಗೆ ಜಾಸ್ತಿ 01 ಅಂತಲೇ ಹೊಡೆದಿರುತ್ತಾರೆ. ಆಮೇಲೆ ದಿನಗಳು, 20. ಮೇ 5ರಿಂದ 20 ದಿನ ಅಂದರೆ 24ಕ್ಕೆ ಮುಗಿಯಿತು, ಮತ್ತೆ ಜೂನ್ 8 ಯಾಕೆ? ವಿಮಾನ ತಪ್ಪಿದರೆ, ದಿನ ಹಿಂದೆ ಮುಂದೆ ಆದರೆ ಅಂತ 15 ದಿನ ಸಡಿಲ ಬಿಟ್ಟಿರುತ್ತಾರೆ. ಇರುವುದು ಮಾತ್ರ 20 ದಿನ, ಅದನ್ನು ಮೀರಬೇಡಿ. ಈ ಸ್ಟಿಕರ್ ಜೀವಂತ ಇರುವಾಗ ಟರ್ಕಿಗೆ ಕಾಲಿಟ್ಟರೆ ಅಲ್ಲಿನ ಇ-ವೀಸಾ ಸಿಗುತ್ತದೆ, 30 ದಿನ, ಒಂದೇ ಪ್ರವೇಶ. ಶೆಂಗೆನ್, ಅಮೆರಿಕ, ಬ್ರಿಟನ್, ಐರ್ಲೆಂಡ್ ಇವುಗಳಲ್ಲಿ ಒಂದರ ವೀಸಾ ಇಲ್ಲದ ನಮ್ಮ ಪಾಸ್‌ಪೋರ್ಟಿಗೆ ಅದು ಸಿಗುವುದಿಲ್ಲ. ನಿಮ್ಮ ಹಳೆಯ ದಾರಿಯಲ್ಲಿ ಆಗಸ್ಟ್‌ನಲ್ಲಿ ಟರ್ಕಿಗೆ ಬರುವಾಗ ಸೆಪ್ಟೆಂಬರ್‌ನ ಸ್ಟಿಕರ್ ಇನ್ನೂ ಶುರುವೇ ಆಗಿರುವುದಿಲ್ಲ, ಅಲ್ವಾ?

ಬಿಜಾಪುರ_ಬ್ರಾಡ್‌ಗೇಜ್ (ವಿಜಯಪುರ)

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ರೈಲಿನ ಹುಚ್ಚಿನವನಾಗಿ ಸ್ವಲ್ಪ ಸೇರಿಸುತ್ತೇನೆ ಕಾಕಾ.

ಅಥೆನ್ಸ್‌ನಿಂದ ಥೆಸಲೊನಿಕಿಗೆ ರೈಲು, ಅಲ್ಲಿಂದ ಬಸ್ಸಿನಲ್ಲಿ ಬಲ್ಗೇರಿಯಾದ ಸೋಫಿಯಾ. ಹಳೆಯ ವೆಬ್‌ಸೈಟ್‌ಗಳಲ್ಲಿ ಬಲ್ಗೇರಿಯಾಕ್ಕೆ ಬೇರೆ ವೀಸಾ ಅಂತ ಇರುತ್ತದೆ, ನಂಬಬೇಡಿ. 2025ರ ಜನವರಿ 1ರಿಂದ ನೆಲದ ಗಡಿಯಲ್ಲೂ ಅದು ಪೂರ್ತಿ ಶೆಂಗೆನ್. ಆದರೆ ಗ್ರೀಸ್‌ನಲ್ಲೇ ಜಾಸ್ತಿ ದಿನ ಇರಿ, ಅರ್ಜಿಯನ್ನು ಅಲ್ಲಿಗೇ ಹಾಕಿ. ಹೆಚ್ಚು ದಿನ ಇರುವ ದೇಶಕ್ಕೇ ಹಾಕಬೇಕು ಅನ್ನುವುದು ನಿಯಮ.

ಸೋಫಿಯಾದಿಂದ ಇಸ್ತಾಂಬುಲ್‌ಗೆ ಬೇಸಿಗೆಯಲ್ಲಿ ರಾತ್ರಿ ರೈಲು ಇದೆ. ಕಾಕಿಗೆ ಮೊದಲೇ ಹೇಳಿಡಿ: ನಡುರಾತ್ರಿ ಕಪಿಕುಲೆ ಅನ್ನುವ ಗಡಿ ಸ್ಟೇಷನ್‌ನಲ್ಲಿ ಎಲ್ಲರನ್ನೂ ಎಬ್ಬಿಸಿ ಕೆಳಗಿಳಿಸುತ್ತಾರೆ. ನಿದ್ದೆಗಣ್ಣಿನಲ್ಲಿ ಪಾಸ್‌ಪೋರ್ಟ್ ಹಿಡಿದು ಪ್ಲಾಟ್‌ಫಾರ್ಮಿನ ಕಿಟಕಿ ಮುಂದೆ ಸಾಲು. ಬ್ಯಾಗುಗಳನ್ನೂ ತೆರೆದು ನೋಡುತ್ತಾರೆ. ಶೇಂಗಾ ಚಟ್ನಿ ಪುಡಿ ಏನು ಅಂತ ಕೈಸನ್ನೆಯಲ್ಲಿ ಹೇಳಬೇಕಾಯಿತು. ಇ-ವೀಸಾ ಕಾಗದದ ಮೇಲೆ ಪ್ರಿಂಟ್ ಇರಲಿ, ಅಲ್ಲಿ ಫೋನ್ ಚಾರ್ಜ್ ಇದ್ದರೆ ನಿಮ್ಮ ಪುಣ್ಯ.

ಟರ್ಕಿಯ ಹೋಪಾದಿಂದ ಸಾರ್ಪಿ ಗಡಿ ದಾಟಿದರೆ ಜಾರ್ಜಿಯಾದ ಬಟುಮಿ. ಅಷ್ಟೊತ್ತಿಗೆ ಶೆಂಗೆನ್ ಸ್ಟಿಕರ್ ಮುಗಿದಿರುತ್ತದೆ, ಅದಕ್ಕೆ ಜಾರ್ಜಿಯಾದ ಇ-ವೀಸಾ ಬೇರೆ ಮಾಡಿಸಿ.

ಮುಂದೆ ಒಂದು ಗೋಡೆ ಇದೆ. ಅಜರ್‌ಬೈಜಾನ್ 2020ರಲ್ಲಿ ಕೊರೊನಾ ಅಂತ ನೆಲದ ಗಡಿ ಮುಚ್ಚಿತು, ಆಮೇಲೂ ಮುಚ್ಚಿಡುತ್ತಲೇ ಬಂದಿದೆ. ಅವರ ಇ-ವೀಸಾ ಕೈಯಲ್ಲಿದ್ದರೂ ಟಿಬಿಲಿಸಿಯಿಂದ ಬಸ್ಸಿನಲ್ಲಿ ಬಾಕುಗೆ ಹೋಗುವ ಹಾಗಿಲ್ಲ. ಜನ ಇಲ್ಲೇ ಸಿಕ್ಕಿಬೀಳುವುದು. ವೀಸಾ ಇದೆ, ಗೇಟ್ ಇಲ್ಲ. ಇನ್ನೊಂದು ದಾರಿ ರಷ್ಯಾ. ಅವರ ಇ-ವೀಸಾ ಪಟ್ಟಿಯಲ್ಲಿರುವ ಗೇಟುಗಳಲ್ಲಿ ಮಾತ್ರ ನಡೆಯುತ್ತದೆ, ನೀವು ದಾಟುವ ಗೇಟಿನ ಹೆಸರು ಅದರಲ್ಲಿ ಇರಲೇಬೇಕು. ಮೇಲಿಂದ ನಮ್ಮ ಬ್ಯಾಂಕುಗಳ ‘ವೀಸಾ’, ‘ಮಾಸ್ಟರ್‌ಕಾರ್ಡ್’ ಕಂಪನಿಯ ಕಾರ್ಡುಗಳು 2022ರ ಮಾರ್ಚ್‌ನಿಂದ ಅಲ್ಲಿ ಓಡುವುದಿಲ್ಲ, ಎಲ್ಲಕ್ಕೂ ನಗದು. ನಾನಾದರೆ ಆ ಕಡೆ ಹೋಗುವುದಿಲ್ಲ. ಟಿಬಿಲಿಸಿಯಿಂದ ಕಝಾಕ್‌ಸ್ತಾನಕ್ಕೆ ಒಂದು ವಿಮಾನ ಹತ್ತಿಬಿಡಿ.

ಉದ್ಯಮಬಾಗ_ಲೇಥ್

ದಾರಿ ತಿರುಗಿಸುವುದು ತಲೆಗೇ ಹೊಳೆದಿರಲಿಲ್ಲ. ಮನೆಯವರು ಕೂಡಲೇ ಒಪ್ಪಿದರು. ನಡುವೆ ವಿಮಾನ ಅಂದದ್ದಕ್ಕೆ ಮಾತ್ರ ಮುಖ ಗಂಟು. ಕ್ಯಾಸ್ಪಿಯನ್ ಸಮುದ್ರವನ್ನು ಕಝಾಕ್‌ಸ್ತಾನದ ಅಕ್ತಾವು ದಂಡೆಯಲ್ಲಿ ನಿಂತು ನೋಡಿದರಾಯಿತು ಅಂತ ಸಮಾಧಾನ ಮಾಡಿದ್ದೇನೆ. ಆದರೆ ಕಝಾಕ್‌ಸ್ತಾನದಲ್ಲಿ 14 ದಿನ ಮಾತ್ರ ಅಂತ ಓದಿದೆ. ಅಷ್ಟು ದೊಡ್ಡ ದೇಶ, ಸಾಕಾಗುತ್ತಾ?

ಬಿಜಾಪುರ_ಬ್ರಾಡ್‌ಗೇಜ್

ಒಂದು ಸಲಕ್ಕೆ 14 ದಿನ ಕಾಕಾ, 180 ದಿನದಲ್ಲಿ ಒಟ್ಟು 42. ಅದಕ್ಕೇ ಎರಡು ತುಂಡು ಮಾಡಿ. ಅಕ್ತಾವು ಕಡೆ ನಾಲ್ಕು ದಿನ ಇದ್ದು ಬೇನೆವು ಮೇಲೆ ಉಜ್ಬೇಕಿಸ್ತಾನದ ನುಕುಸ್‌ಗೆ ಇಳಿಯಿರಿ. ಖೀವಾ, ಬುಖಾರಾ, ಸಮರ್ಕಂದ, ತಾಷ್ಕೆಂಟ್, ನಂತರ ಕಿರ್ಗಿಸ್ತಾನ್ (ಅದಕ್ಕೂ ಇ-ವೀಸಾ), ಕೊನೆಗೆ ಅಲ್ಮಾಟಿ. ಆಗ ಮತ್ತೆ ಹೊಸ 14 ದಿನ. ಉಜ್ಬೇಕ್ ಇ-ವೀಸಾ 20 ಡಾಲರ್, 30 ದಿನ. ಒಮ್ಮೆ ಹೊಕ್ಕು ಒಮ್ಮೆ ಹೊರಬರುವುದರಿಂದ ಒಂದು ಪ್ರವೇಶದ್ದೇ ಸಾಕು. ಟಿಬಿಲಿಸಿಯಲ್ಲಿ ಕೂತು ಅರ್ಜಿ ಹಾಕಿ. ಉಜ್ಬೇಕಿಸ್ತಾನದ ಹೋಟೆಲಿನವರು ಕೊಡುವ ರಿಜಿಸ್ಟ್ರೇಷನ್ ಚೀಟಿಗಳನ್ನು ಬಿಸಾಡಬೇಡಿ.

ಆಗಸ್ಟ್‌ನಲ್ಲಿ ಬುಖಾರಾ ಸುಡುತ್ತದೆ, ಆದರೆ ಉತ್ತರ ಕರ್ನಾಟಕದವರಿಗೆ ಅದನ್ನು ಹೇಳಿ ಏನು ಪ್ರಯೋಜನ. ಸಮರ್ಕಂದದ ನೀಲಿ ಗುಮ್ಮಟ ನೋಡಿ ಬಂದ ಮೇಲೆ ನಮ್ಮ ಗೋಳಗುಮ್ಮಟ ನೋಡಲು ಒಮ್ಮೆ ಬನ್ನಿ. ಯಾವುದು ದೊಡ್ಡದು ಅಂತ ನಾನು ಹೇಳುವುದಿಲ್ಲ.

ಇಳಕಲ್_ಅಕ್ಕ (ಬಾಗಲಕೋಟೆ)

ಸರ್‌ನೇಮ್ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ! ನನ್ನದೂ ಹಾಗೇ ಇತ್ತು. ನಮ್ಮ ಕಡೆ ಹೆಂಗಸರ ಪಾಸ್‌ಪೋರ್ಟ್ ಮಾಡಿಸುವಾಗ ಇಡೀ ಹೆಸರನ್ನು ಒಂದೇ ಕಾಲಂನಲ್ಲಿ ತುಂಬಿಬಿಡುತ್ತಾರೆ. ಕೆಲವು ದೇಶದ ಆನ್‌ಲೈನ್ ಫಾರ್ಮ್ ಸರ್‌ನೇಮ್ ಖಾಲಿ ಬಿಟ್ಟರೆ ಮುಂದಕ್ಕೇ ಹೋಗುವುದಿಲ್ಲ. ನೀವು ಏನೋ ಒಂದು ತುಂಬುತ್ತೀರಿ, ಅದು ಪಾಸ್‌ಪೋರ್ಟಿಗೆ ತಾಳೆಯಾಗುವುದಿಲ್ಲ. ದುಬೈ ಅಂತೂ 2022ರ ನವೆಂಬರ್‌ನಿಂದ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ನಿಲ್ಲಿಸಿತು.

ಅಕ್ಕಾರಿಗೆ ಮೊದಲು ರೀ-ಇಶ್ಯೂ ಮಾಡಿಸಿ ಅಣ್ಣಾ, ಅಡ್ಡಹೆಸರು ಬೇರೆ ಕಾಲಂಗೆ ಬರಲಿ. ಆಗ ಪಾಸ್‌ಪೋರ್ಟ್ ನಂಬರ್ ಬದಲಾಗುತ್ತದೆ. ಅದಕ್ಕೇ ಯಾವ ವೀಸಾಕ್ಕೂ ಅದಕ್ಕಿಂತ ಮೊದಲು ಕೈ ಹಾಕಬೇಡಿ.

ಖಡೇಬಜಾರ್_ಫಾರ್ಮ್

ಇಳಕಲ್ ಅಕ್ಕಾರು ಹೇಳಿದ್ದೇ ಮೊದಲ ಕೆಲಸ. ರೀ-ಇಶ್ಯೂ ಹಾಕುವಾಗ 36 ಪುಟದ್ದು ಬಿಟ್ಟು 60 ಪುಟದ್ದು ಕೇಳಿ. ಇಷ್ಟು ಗಡಿಗಳಲ್ಲಿ ಒಳಗೊಂದು ಹೊರಗೊಂದು ಮುದ್ರೆ ಬೀಳುತ್ತದೆ.

ಶೆಂಗೆನ್‌ಗೆ ಫೆಬ್ರುವರಿಯಲ್ಲಿ ಕೂತುಕೊಳ್ಳೋಣ. ಫೀ ಒಬ್ಬರಿಗೆ 90 ಯೂರೊ, ಅರ್ಜಿ ತೆಗೆದುಕೊಳ್ಳುವ ವೀಸಾ ಸೆಂಟರ್‌ನವರದ್ದು ಬೇರೆ. ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್, ಶಾಪ್‌ನ ಜಿಎಸ್‌ಟಿ ಸರ್ಟಿಫಿಕೇಟ್ ತನ್ನಿ. ಅರ್ಜಿ ಹಾಕುವ ವಾರ ಮಗ ಅಕೌಂಟಿಗೆ ದೊಡ್ಡ ಮೊತ್ತ ತುಂಬುವುದು ಬೇಡ, ಅದನ್ನೇ ಮೊದಲು ಕೇಳುತ್ತಾರೆ. ಇನ್ಶೂರೆನ್ಸ್ ಕನಿಷ್ಠ 30,000 ಯೂರೊದ್ದು. ಗ್ರೀಸ್ ಆದ ಮೇಲೆ ಮುಂದಿನ ದೇಶಗಳಿಗೆ ಏನು ಮಾಡುತ್ತೀರಿ, ಪಾಲಿಸಿಯಲ್ಲಿ ಅವುಗಳ ಹೆಸರು ಇದೆಯಾ, ಅದನ್ನೂ ನೋಡಿ. ಬೆರಳಚ್ಚಿಗೆ ಇಬ್ಬರೂ ಬರಲೇಬೇಕು. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಒಮ್ಮೆ ಕೊಟ್ಟ ಬೆರಳಚ್ಚು 59 ತಿಂಗಳು ನಡೆಯುತ್ತದೆ.

ಟರ್ಕಿಯಿಂದ ಮುಂದಿನದ್ದು ಯಾವುದನ್ನೂ ಊರಿನಿಂದ ಮಾಡಿಸಬೇಡಿ. ಗಡಿ ಇನ್ನು ಎರಡು ಮೂರು ವಾರ ಇದೆ ಅನ್ನುವಾಗ ಆ ದೇಶದ ಸರ್ಕಾರಿ ಸೈಟ್‌ನಲ್ಲೇ ಹಾಕಿ. ಹುಡುಕಿದಾಗ ಮೇಲೆ ಬರುವುದು ಎಷ್ಟೋ ಸಲ ದಲ್ಲಾಳಿಗಳ ಸೈಟ್, ನೋಡಲು ಸರ್ಕಾರದ್ದೇ ಅನ್ನಿಸುತ್ತದೆ, ದುಡ್ಡು ಮಾತ್ರ ಎರಡು ಪಟ್ಟು. ಉಜ್ಬೇಕ್‌ಗೆ 20 ಡಾಲರ್‌ಗಿಂತ ಜಾಸ್ತಿ ಕೇಳಿದರೆ ಆ ಪೇಜ್ ಮುಚ್ಚಿ, ಸ್ಕ್ರೀನ್‌ಶಾಟ್ ನನಗೆ ಕಳಿಸಿ.