ತೊಗರಿ ಹೂವಿದ್ದಾಗ ಹಾಕೋ ಲೆಕ್ಕ ರಾಶಿ ಹೊತ್ತಿಗೆ ಯಾಕ ತಪ್ತದ?

ಪ್ರಶ್ನೆ: ಆಳಂದ ಕಡೆಯವರು

ನಮಸ್ಕಾರ್ರಿ. ರೈತರ ಗುಂಪಿಗೆ ಬೆಳೆ ಬಜೆಟ್ ಮಾಡೋದದ. ಎಕರೆಗೆ ಎಷ್ಟು ಬರ್ತದ ಅಂದ್ರ ಹೆಚ್ಚಿನವರು "ಆರು ಕ್ವಿಂಟಲ್‌ಗೆ ಮೋಸಿಲ್ಲ" ಅಂತಾರ. ಅವರದೇ ಹಳೇ ಅಡತಿ ಪಟ್ಟಿ (ಮಾಲು ಮಾರಿದಾಗ ದಲಾಲರು ಕೊಡೋ ಚೀಟಿ) ನೋಡಿದ್ರ ಮೂರು, ಮೂರೂವರೆ. ಗಿಡ ಒಣಗಿಸೋ ನೆಟೆ ರೋಗ ಊರಿಗೆ ಬರ್ತದ ಅಂತ ಒಪ್ಪತಾರ, ನಮ್ಮ ಹೊಲಕ್ಕ ಬರಂಗಿಲ್ಲ ಅಂತಾರ. ಸಾಲ ಎಲ್ಲಾ ಆ ಆರು ಕ್ವಿಂಟಲ್ ಮ್ಯಾಲೇ ನಿಂತದ. ಇದು ಬರೇ ಆಸೆನೋ, ಮನುಷ್ಯರ ಮನಸ್ಸೇ ಹಿಂಗೋ? ಸರಿ ಮಾಡೋದು ಹ್ಯಾಂಗ?

ಉತ್ತರ 1: ಮನೋಲೆಕ್ಕ

ಮನಸ್ಸೇ ಹಿಂಗ್ರಿ, ಬರೀ ರೈತರದಲ್ಲ. 1980ರಲ್ಲಿ ನೀಲ್ ವೈನ್‌ಸ್ಟೈನ್ ಅನ್ನೋ ಮನಶ್ಶಾಸ್ತ್ರಜ್ಞ ಅಮೆರಿಕದ ಕಾಲೇಜು ಹುಡುಗರಿಗೆ ಬದುಕಿನಲ್ಲಿ ಆಗಬಹುದಾದ 42 ಸಂಗತಿಗಳನ್ನು ಕೊಟ್ಟು, ನಿಮ್ಮ ಜೊತೆಯವರಿಗಿಂತ ನಿಮಗೆ ಆಗೋ ಸಾಧ್ಯತೆ ಎಷ್ಟು ಅಂತ ಕೇಳಿದರು. ಒಳ್ಳೇದು ನನಗೆ ಹೆಚ್ಚು, ಕೆಟ್ಟದ್ದು ನನಗೆ ಕಡಿಮೆ ಅನ್ನೋದೇ ಒಟ್ಟು ಉತ್ತರ. ನಮ್ಮ ಕೈಯಲ್ಲಿದೆ ಅನಿಸೋ ವಿಷಯದಲ್ಲಿ, "ಇಂಥವರಿಗೇ ಹಂಗಾಗೋದು" ಅಂತ ಮನಸ್ಸಿನಲ್ಲಿ ಒಂದು ಚಿತ್ರ ಇರೋ ಕಡೆ ಈ ವಾಲಿಕೆ ಜೋರು. ನೆಟೆ ಅಂದ್ರೆ ಬೀಜೋಪಚಾರ ಮಾಡದ ಸೋಮಾರಿಯ ಹೊಲ ಕಣ್ಣಿಗೆ ಬರುತ್ತದೆ, ತನ್ನದಲ್ಲ.

"ಎಲ್ಲಾ ಕೆಟ್ಟರೆ ಎಷ್ಟು?" ಅಂತ ಕೇಳಿ ಸರಿಮಾಡೋಕೆ ಹೋಗಬೇಡಿ. 1994ರಲ್ಲಿ ಬ್ಯೂಲರ್, ಗ್ರಿಫಿನ್, ರಾಸ್ ಅನ್ನೋ ಮನಶ್ಶಾಸ್ತ್ರಜ್ಞರು ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನ ಮುಗಿಸೋಕೆ ಎಷ್ಟು ದಿನ ಅಂತ ಕೇಳಿದಾಗ ಅಂದಾಜು ಸರಾಸರಿ 34 ದಿನ, ಎಲ್ಲಾ ಕೆಟ್ಟರೆ 49. ಹಿಡಿದದ್ದು 55ರ ಮೇಲೆ. ಕೆಟ್ಟ ಲೆಕ್ಕವೂ ಆಸೆಯ ಲೆಕ್ಕವೇ ಆಗಿತ್ತು.

ಉತ್ತರ 2: ಯರಿಭೂಮಿ

ಹೊಲದ ಕಡೆಯಿಂದ ಹೇಳ್ತೀನಿ. ಲೆಕ್ಕ ಹುಟ್ಟೋದೇ ಹೊಲ ಹಳದಿ ಆಗಿ ನಿಂತಾಗ. ಆದರೆ ತೊಗರಿಯಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಹೂವು ಕಾಯಿ ಆಗದೇ ಉದುರುತ್ತದೆ, ಅದು ಗಿಡದ ಗುಣ. ಮಂಜು, ಮೋಡ ಕೂಡಿದರೆ ಇನ್ನೂ ಹೆಚ್ಚು. ಹೂವು ನೋಡಿ ಚೀಲ ಎಣಿಸಬಾರದು.

ಎರಡನೇದು ಗುಣಾಕಾರ. ಮಳೆ, ನೆಟೆ, ಕಾಯಿಕೊರಕ, ಮಂಜು, ದರ: ಒಂದೊಂದೂ ನೂರಕ್ಕೆ 80 ಸರಿಹೋಗ್ತದ ಅಂತ ಇಟ್ಟುಕೊಳ್ಳಿ. ಒಂದಕ್ಕೊಂದು ಸಂಬಂಧ ಇಲ್ಲದಿದ್ದರೆ ಐದೂ ಒಟ್ಟಿಗೆ ಸರಿಹೋಗೋದು ನೂರಕ್ಕೆ 33 ಮಾತ್ರ. ಆರು ಕ್ವಿಂಟಲ್ ಅನ್ನೋರು ಐದನ್ನೂ ಬಿಡಿಬಿಡಿಯಾಗಿ ನೋಡಿ ಧೈರ್ಯ ತಗೊಂಡಿರ್ತಾರ.

ಬಜೆಟ್‌ಗೆ ಅಂದಾಜು ಕೇಳಲೇಬೇಡ್ರಿ, ಪಟ್ಟಿ ಕೇಳ್ರಿ. ಏಳು ವರ್ಷದ ಇಳುವರಿ ಸಣ್ಣದರಿಂದ ದೊಡ್ಡದಕ್ಕೆ ಬರೀರಿ: ಉದಾಹರಣೆಗೆ 1.5, 2.5, 3, 3.5, 4, 4.5, 5. ನಡುವಿನ 3.5 ಆದಾಯದ ಲೆಕ್ಕಕ್ಕೆ, ಕೆಳಗಿಂದ ಎರಡನೇದು, 2.5, ಸಾಲ ತೀರಿಸೋ ಲೆಕ್ಕಕ್ಕೆ. ಈ ಸಲ ಹೊಸ ತಳಿ, ಒಳ್ಳೇ ಮಳೆ ಅಂತ ಏರಿಸೋದಾದರೆ ಅರ್ಧ ಕ್ವಿಂಟಲ್ ದಾಟಬೇಡ್ರಿ. ಹಿಂದಿನ ವರ್ಷಗಳಲ್ಲೂ ಇಂಥ ಒಂದು ಕಾರಣ ಇದ್ದೇ ಇತ್ತು, ಆ ಪಟ್ಟಿಯಲ್ಲಿ ಅದೂ ಸೇರಿದೆ.

ಉತ್ತರ 3: ಬಿಸಿಲುನಾಡು

ಒಂದು ತಕರಾರು. "ನಮ್ಮ ಹೊಲಕ್ಕ ಬರಂಗಿಲ್ಲ" ಅಂದವರೆಲ್ಲ ಭ್ರಮೆಯಲ್ಲಿದ್ದಾರೆ ಅನ್ನಬೇಡಿ. 2011ರಲ್ಲಿ ಹ್ಯಾರಿಸ್, ಹಾನ್ ಅನ್ನೋ ಮನಶ್ಶಾಸ್ತ್ರಜ್ಞರು ತೋರಿಸಿದ್ದು ಇದನ್ನೇ: ಅಪರೂಪದ ಕೇಡಿನಲ್ಲಿ ಬಹಳ ಮಂದಿಯ ಅಪಾಯ ನಿಜಕ್ಕೂ ಸರಾಸರಿಗಿಂತ ಕಡಿಮೆ ಇರಬಹುದು. ನೆಟೆಯ ಶಿಲೀಂಧ್ರ ಮಣ್ಣಿನಲ್ಲೇ ವರ್ಷಗಟ್ಟಲೆ ಉಳಿಯುತ್ತದೆ. ಹಾಗಾಗಿ ಊರಿನ ಮಾತು ಬಿಟ್ಟು ಆ ಸರ್ವೆ ನಂಬರ್‌ದೇ ಕೇಳಿ: ಕಳೆದ ಸಲ ಸಾಲಿನಲ್ಲಿ ಒಣಗಿ ನಿಂತ ಗಿಡ ಇದ್ದವಾ? ನಡುವೆ ಜೋಳ ಹಾಕಿದ್ರಾ? ಬೀಜಕ್ಕೆ ಕೆ.ಜಿ.ಗೆ 4 ಗ್ರಾಂ ಟ್ರೈಕೋಡರ್ಮಾ (ರೋಗದ ಶಿಲೀಂಧ್ರ ತಡೆಯೋ ಒಳ್ಳೇ ಶಿಲೀಂಧ್ರದ ಪುಡಿ) ಹಚ್ಚಿದ್ರಾ?

ಪ್ರಶ್ನೆ ಕೇಳಿದವರು

ಬಹಳ ಉಪಕಾರ್ರಿ. ಪಟ್ಟಿ ಇಟ್ಟುಕೊಳ್ಳದವರೇ ಹೆಚ್ಚು ಮಂದಿ, ಅವರಿಗೆ?

ಯರಿಭೂಮಿ

ಅವರ ಪಂಚಾಯಿತಿಯ ಬೆಳೆ ಕಟಾವು ಪ್ರಯೋಗದ (ಸರ್ಕಾರದವರು ಆರಿಸಿದ ಹೊಲದ ತುಂಡು ಕೊಯ್ದು ತೂಗಿ ನೋಡೋದು) ಇಳುವರಿ ತಗೊಳ್ರಿ. ಅದು ಹೆಕ್ಟೇರ್‌ಗೆ ಕೆ.ಜಿ. ಲೆಕ್ಕದಲ್ಲಿ ಇದ್ದರೆ 247ರಿಂದ ಭಾಗಿಸಿ, ಎಕರೆಗೆ ಕ್ವಿಂಟಲ್ ಸಿಗ್ತದ. 800 ಇದ್ದರೆ 3.2.